ಅಂಗೈಯಗಲದ ಕ್ಯಾಮೆರಾ, ಎರಡಡಿ ರೀಲು

ದಾವಣಗೆರೆಯ ಗಡಿಯಾರ ಕಂಬದ ಹತ್ತಿರ ಒಬ್ಬರು ವಾಚ್ ರಿಪೇರಿಯವರಿದ್ದಾರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುತ್ತಾರೆ. ನಾನು ಅಂಗಿ ಜೇಬಿನಿಂದ ಕ್ಯಾಮೆರಾ ತೆಗೆದು ಅವರ ಮುಂದಿನ ಗಾಜಿನ ಮೇಲೆ ಇಟ್ಟೆ. ಎತ್ತಿ ನೋಡಿದರು. ಅಲ್ಲಿ ಇಲ್ಲಿ ಒತ್ತಿದರು. ಲೆನ್ಸ್ ಹಿಡಿದು ತಿರುಗಿಸಿದರು. ಅದು ಬಿಚ್ಚಿಕೊಂಡು ಕೈಗೇ ಬಂದಾಗ ಗಾಬರಿಯಾದರು.

"ಮುರಿದೋತೇನ್ರೀ?"

"ಇಲ್ಲ ಅಣ್ಣಾ, ಅದು ಬಿಚ್ಚೋಕೇ ಇರೋದು."

"ಇಷ್ಟರಾಗೆ ಲೆನ್ಸೂ ಬಿಚ್ಚಬಹುದಾ? ನಾನು ಆಟಿಗೆ ಸಾಮಾನು ಅಂದ್ಕೊಂಡಿದ್ದೆ."

ತಪ್ಪೇನಿಲ್ಲ, ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಪೆಂಟಾಕ್ಸ್ ಆಟೋ 110 ಅನ್ನುವ ಈ ಕ್ಯಾಮೆರಾ ನನ್ನ ಅಂಗೈ ದಾಟುವುದಿಲ್ಲ. ಬರೀ ಬಾಡಿ 172 ಗ್ರಾಂ. ಆದರೂ ಇದು ಪೂರ್ತಿ ಎಸ್‌ಎಲ್‌ಆರ್. ಒಳಗೆ ಕನ್ನಡಿ ಇದೆ, ಮೇಲೆ ಪ್ರಿಸಂ ಇದೆ, ಲೆನ್ಸ್ ಬದಲಾಯಿಸಬಹುದು. ಲೆನ್ಸ್ ಏನು ನೋಡುತ್ತದೋ ಅದನ್ನೇ ನಮ್ಮ ಕಣ್ಣೂ ನೋಡುತ್ತದೆ. ದೊಡ್ಡ ಕ್ಯಾಮೆರಾವನ್ನು ಬಿಸಿನೀರಿಗೆ ಹಾಕಿ ಕುಗ್ಗಿಸಿದಂತಿದೆ.

ವಾಚಿನವರ ಹತ್ತಿರ ನಾನು ಹೋಗಿದ್ದು ಶೆಲ್ಲಿಗೆ. ಎಲ್‌ಆರ್ 44 ಅನ್ನುವ ಗುಂಡಿ ಶೆಲ್ಲು ಎರಡು ಬೇಕು. ಶೆಲ್ಲಿಲ್ಲದೆ ಈ ಕ್ಯಾಮೆರಾ ಕೆಲಸ ಮಾಡುವುದಿಲ್ಲ, ಶಟರ್ ನಡೆಯುವುದೇ ಕರೆಂಟಿನಿಂದ. ಹಳೇ ಶೆಲ್ಲು ಸೋರಿ ಒಳಗಿನ ತಗಡಿಗೆ ಹಸಿರು ಕಿಲುಬು ಹಿಡಿದಿತ್ತು. ಹತ್ತಿಗೆ ನಿಂಬೆರಸ ಹಚ್ಚಿ ಉಜ್ಜಿದೆ. ಸೋರಿದ್ದು ಕ್ಷಾರ, ಹುಳಿ ತಾಗಿದರೆ ಬಿಡುತ್ತದೆ. ಹೊಸ ಶೆಲ್ಲು ಹಾಕಿ ಫೋಟೋ ಹೊಡೆಯುವ ಗುಂಡಿಯನ್ನು ಮೆಲ್ಲಗೆ ಒತ್ತಿದೆ. ಒಳಗೆ ಹಸಿರು ದೀಪ ಬಂತು. ವಾಚಿನವರೂ ಇಣುಕಿ ನೋಡಿ, "ಬಂತು ಬಂತು" ಅಂದರು. ದುಡ್ಡು ತಗೊಳ್ಳುವಾಗ, "ಇದಕ್ಕೆ ರೀಲು ಎಲ್ಲಿ ಸಿಗ್ತೈತ್ರಿ?" ಅಂತ ಕೇಳಿದರು.

ಅದನ್ನು ನಾನಿನ್ನೂ ಯೋಚನೆ ಮಾಡಿರಲಿಲ್ಲ.

ಕ್ಯಾಮೆರಾ ನನ್ನದಲ್ಲ, ಸೋದರಮಾವನದು. ಮಾವ ಚಿತ್ರದುರ್ಗದಲ್ಲಿದ್ದಾರೆ. ಎಂಬತ್ತರ ದಶಕದಲ್ಲಿ ಕೆಲವು ವರ್ಷ ಕುವೈತಿನಲ್ಲಿ ದುಡಿದು ಬಂದವರು. ಬರುವಾಗ ಟೇಪ್ ರೆಕಾರ್ಡರ್, ಸೆಂಟು ಬಾಟಲಿಗಳ ಜೊತೆ ಇದನ್ನೂ ತಂದಿದ್ದರು. ತಂದ ಮೇಲೆ ಇಲ್ಲಿ ರೀಲು ಸಿಗಲಿಲ್ಲ. ಅಲ್ಲಿಂದ ತಂದಿದ್ದ ಐದಾರು ಡಬ್ಬಿ ಮುಗಿಯುತ್ತಿದ್ದಂತೆ ಕ್ಯಾಮೆರಾ ಬೀರು ಸೇರಿತು. ನಲವತ್ತು ವರ್ಷ ಅಲ್ಲೇ ಇತ್ತು. ಹೋದ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಹೊರಗೆ ಬಂತು. "ಅಳಿಯಾ, ನಿನಗೆ ಇಂಥಾ ಹುಚ್ಚು ಐತಲ್ಲ, ತಗೊಂಡೋಗು" ಅಂದರು.

ಹುಚ್ಚು ಇದ್ದಿದ್ದು ನಿಜ. 35 ಎಂಎಂ ರೀಲಿನ ಹಳೇ ಕ್ಯಾಮೆರಾ ಒಂದು ನನ್ನ ಹತ್ತಿರ ಇದೆ. ಅದಕ್ಕೆ ಈಗಲೂ ರೀಲು ಸಿಗುತ್ತದೆ, ತೊಳೆದುಕೊಡುವವರೂ ಇದ್ದಾರೆ. ಈ 110 ಮಾತ್ರ ಬೇರೆಯೇ ಕಥೆ.

110 ಅನ್ನುವುದು ಕೊಡಾಕ್ ಕಂಪನಿ 1972ರಲ್ಲಿ ತಂದ ಅಳತೆ. 16 ಎಂಎಂ ಅಗಲದ ಫಿಲ್ಮು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಡಬ್ಬಿಗೆ ಎರಡು ಕೋಣೆ, ನಡುವೆ ಒಂದು ಸೇತುವೆ. ಫಿಲ್ಮು ಒಂದು ಕೋಣೆಯಿಂದ ಹೊರಟು ಇನ್ನೊಂದಕ್ಕೆ ಹೋಗಿ ಸುತ್ತಿಕೊಳ್ಳುತ್ತದೆ. ಹಿಂದಕ್ಕೆ ಸುತ್ತುವ ಕೆಲಸವಿಲ್ಲ. ಹಲ್ಲುಗಾಲಿಗೆ ಸಿಕ್ಕಿಸುವ ಒದ್ದಾಟವಿಲ್ಲ. ಡಬ್ಬಿ ಒಳಗೆ ತುರುಕು, ಬಾಗಿಲು ಮುಚ್ಚು, ಮುಗೀತು. ಮಕ್ಕಳೂ ಮುದುಕರೂ ಫೋಟೋ ತೆಗೆಯಲಿ ಅಂತ ಮಾಡಿದ್ದು. ಹಾಗೇ ಅಗ್ಗದ ಕ್ಯಾಮೆರಾಗಳು ಕೋಟಿಗಟ್ಟಲೆ ಬಂದವು. ಅವುಗಳ ಲೆನ್ಸು ಅಷ್ಟಕ್ಕಷ್ಟೆ.

ತೊಂದರೆ ಇರುವುದು ನೆಗೆಟಿವ್ ಅಳತೆಯಲ್ಲಿ. 13 ಎಂಎಂಗೆ 17 ಎಂಎಂ. ಅಂದರೆ ಕಿರುಬೆರಳಿನ ಉಗುರಿಗಿಂತ ಒಂಚೂರು ದೊಡ್ಡದು. ಮಾಮೂಲಿ 35 ಎಂಎಂ ನೆಗೆಟಿವ್ 24ಕ್ಕೆ 36. ಜಾಗ ಲೆಕ್ಕ ಹಾಕಿದರೆ 110ರದ್ದು ಅದರ ಕಾಲು ಭಾಗ. ನಾಲ್ಕಿಂಚು ಆರಿಂಚಿನ ಪ್ರಿಂಟ್ ಹಾಕಲು 35 ಎಂಎಂ ನೆಗೆಟಿವನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಸಾಕು, ಇದನ್ನು ಒಂಬತ್ತು ಪಟ್ಟು ಹಿಗ್ಗಿಸಬೇಕು. ಅಷ್ಟು ಹಿಗ್ಗಿಸಿದರೆ ಫಿಲ್ಮಿನ ಕಾಳು ಕಾಳು ಎದ್ದು ಕಾಣುತ್ತದೆ. ಆಮೇಲೆ 35 ಎಂಎಂನಲ್ಲೇ ತಾನಾಗಿ ರೀಲು ಏರಿಸಿಕೊಳ್ಳುವ ಸಣ್ಣ ಕ್ಯಾಮೆರಾಗಳು ಬಂದವು. 110ರ ಒಂದೇ ಅನುಕೂಲವೂ ಹೋಯಿತು. ದೊಡ್ಡ ಕಂಪನಿಗಳು ಒಂದೊಂದಾಗಿ ಫಿಲ್ಮ್ ನಿಲ್ಲಿಸಿದವು.

ಇಂಥ ಬಡಪಾಯಿ ಅಳತೆಗೆ 1978ರಲ್ಲಿ ಪೆಂಟಾಕ್ಸ್‌ನವರು ಇಂಥ ಕ್ಯಾಮೆರಾ ಮಾಡಿದರು. ಮಿನೋಲ್ಟಾ ಕಂಪನಿ ಅವರಿಗಿಂತ ಎರಡು ವರ್ಷ ಮೊದಲೇ ಒಂದು 110 ಎಸ್‌ಎಲ್‌ಆರ್ ತಂದಿತ್ತು. ಆದರೆ ಅದರ ಲೆನ್ಸು ಬಿಚ್ಚಲು ಬರುತ್ತಿರಲಿಲ್ಲ. ಪೆಂಟಾಕ್ಸ್‌ನವರು 18, 24, 50 ಎಂಎಂ ಅಂತ ಮೂರು ಲೆನ್ಸು ಕೊಟ್ಟರು, ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಮುಂದೆ ಇನ್ನಷ್ಟು ಸೇರಿಸಿದರು. ಸಣ್ಣ ಫ್ಲ್ಯಾಶು, ರೀಲು ಎಳೆಯುವ ಮೋಟಾರು, ಎಲ್ಲಾ ಮಾಡಿದರು. ಯಾರಿಗೆ ಅಂತ ಇಷ್ಟೆಲ್ಲ ಮಾಡಿದರೋ! ಈ ಅತಿರೇಕವೇ ನನಗೆ ಇಷ್ಟವಾಗಿದ್ದು.

ರೀಲಿನ ವಿಷಯಕ್ಕೆ ಬರುತ್ತೇನೆ. 2012ರಲ್ಲಿ ಲೊಮೊಗ್ರಫಿ ಅನ್ನುವ ಆಸ್ಟ್ರಿಯಾದ ಕಂಪನಿ 110 ಡಬ್ಬಿಗಳನ್ನು ಮತ್ತೆ ಮಾಡಲು ಶುರು ಮಾಡಿತು. ಕಪ್ಪು ಬಿಳುಪಿನದಕ್ಕೆ ಓರ್ಕಾ ಅಂತ ಹೆಸರು, 100 ಐಎಸ್ಓ (ಫಿಲ್ಮು ಬೆಳಕು ಹಿಡಿಯುವ ಶಕ್ತಿಯ ಅಳತೆ). ನಾನು ಅದನ್ನೇ ತರಿಸಿದೆ. ಕೈಗೆ ಬರುವ ಹೊತ್ತಿಗೆ ಸಾವಿರ ರೂಪಾಯಿ ದಾಟಿತು. ಇಪ್ಪತ್ತನಾಲ್ಕು ಫೋಟೋ. ಒಂದೊಂದಕ್ಕೆ ನಲವತ್ತು ರೂಪಾಯಿ ಮೇಲೆ, ಅದೂ ತೊಳೆಯುವ ಖರ್ಚು ಬಿಟ್ಟು. ಈ ಲೆಕ್ಕವನ್ನು ಮನೆಯಲ್ಲಿ ಹೇಳಿಲ್ಲ.

ಡಬ್ಬಿ ಹಾಕಿ ಮೊದಲು ಹೋಗಿದ್ದು ಮಂಡಕ್ಕಿ ಭಟ್ಟಿ ಕಡೆಗೆ. ದಾವಣಗೆರೆಯವರಿಗೆ ಅದೇನು ಅಂತ ಹೇಳಬೇಕಾಗಿಲ್ಲ. ಹೊಗೆ, ಬೆಂಕಿ, ಬಿಸಿ ಮರಳು, ಅದರಲ್ಲಿ ಅಕ್ಕಿ ಅರಳುವ ಚಟಪಟ ಸದ್ದು. ಹಿಂದೊಮ್ಮೆ ದೊಡ್ಡ ಕ್ಯಾಮೆರಾ ಹಿಡಿದು ಹೋದಾಗ ಒಬ್ಬರು ಕೆಲಸ ನಿಲ್ಲಿಸಿ ತಲೆ ಬಾಚಿಕೊಂಡು ಬಂದು ನಿಂತಿದ್ದರು. "ಯಾವ ಪೇಪರ್‌ನ್ಯಾಗೆ ಬರ್ತೈತಿ?" ಅಂತ ಮತ್ತೊಬ್ಬರು. ಈ ಸಲ ಯಾರೂ ತಿರುಗಿ ನೋಡಲಿಲ್ಲ. ಒಬ್ಬ ಹುಡುಗ ಮಾತ್ರ, "ಅಂಕಲ್, ಅದು ಕೀಚೈನಾ?" ಅಂತ ಕೇಳಿದ. ಐದು ಫೋಟೋ ಹೊಡೆದೆ. ಸಾಯಂಕಾಲ ಬೆಣ್ಣೆ ದೋಸೆ ಮುಂದಿಟ್ಟುಕೊಂಡು ಒಂದು. 24 ಎಂಎಂ ಲೆನ್ಸು ಸುಮಾರು ಒಂದಡಿ ಹತ್ತಿರದವರೆಗೂ ಫೋಕಸ್ ಆಗುತ್ತದೆ, ನೋಡೋಣ ಅಂತ. ಅಷ್ಟರಲ್ಲಿ ಬೆಣ್ಣೆ ಕರಗಿತ್ತು. ಮನೆಯಲ್ಲಿ ಅವ್ವನದು ಎರಡು. ಎಂಟು ಖರ್ಚಾಯಿತು. ಉಳಿದ ಹದಿನಾರನ್ನು ದುರ್ಗದ ಕೋಟೆಗೆ ಅಂತ ಎತ್ತಿಟ್ಟೆ.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದೆ. ಅರವತ್ತು ಕಿಲೋಮೀಟರ್ ಆಸುಪಾಸು. ಚಿತ್ರದುರ್ಗ ಬರುತ್ತಿದ್ದಂತೆ ಬೆಟ್ಟದ ಮೇಲಿನ ಗಾಳಿ ಫ್ಯಾನುಗಳು ಕಾಣುತ್ತವೆ. ಬಸ್ಸಿನಿಂದಲೇ ಹೊಡೆಯೋಣ ಅನ್ನಿಸಿತು. ನಲವತ್ತು ರೂಪಾಯಿ ಅಂತ ನೆನಪಾಗಿ ಜೇಬಿಗೆ ಇಟ್ಟುಕೊಂಡೆ.

ಏಳು ಸುತ್ತಿನ ಕೋಟೆಯನ್ನು ನಾನು ಚಿಕ್ಕಂದಿನಿಂದ ಹತ್ತಿದ್ದೇನೆ. ಬೇಸಿಗೆ ರಜೆಗೆ ಮಾವನ ಮನೆಗೆ ಬಂದರೆ ಅದೇ ಕೆಲಸ. ಆದರೆ ಹದಿನಾರೇ ಫೋಟೋ ಇಟ್ಟುಕೊಂಡು ಹತ್ತಿದ್ದು ಮೊದಲು. ಫೋನಿದ್ದರೆ ಬಾಗಿಲಲ್ಲೇ ಹದಿನಾರು ಮುಗಿದಿರುತ್ತಿತ್ತು.

ಕ್ಯಾಮೆರಾ ನಡೆಯುವ ರೀತಿ ಒಂಚೂರು ಹೇಳಬೇಕು. ಇದರ ಲೆನ್ಸಿನೊಳಗೆ ಅಪರ್ಚರ್ ಅಲಗುಗಳಿಲ್ಲ. ಎಲ್ಲ ಲೆನ್ಸೂ ಎಫ್ 2.8. ಎಫ್ ಅಂಕಿ ಕಡಿಮೆಯಿದ್ದಷ್ಟೂ ಬೆಳಕು ಬರುವ ತೂತು ದೊಡ್ಡದು. ಬೆಳಕು ಕಡಿಮೆ ಜಾಸ್ತಿ ಮಾಡುವ ಅಲಗುಗಳು ಬಾಡಿಯೊಳಗೇ ಇವೆ, ಶಟರೂ ಅವೇ. ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದನ್ನು ಕ್ಯಾಮೆರಾನೇ ನಿರ್ಧರಿಸುತ್ತದೆ. ಕತ್ತಲಲ್ಲಿ ಎಫ್ 2.8, ಒಂದು ಸೆಕೆಂಡು. ಸುಡು ಬಿಸಿಲಲ್ಲಿ ಎಫ್ 13.5, ಸೆಕೆಂಡಿನ 750ನೇ ಒಂದು ಭಾಗ. ನಡುವಿನದೆಲ್ಲ ಅದರ ಲೆಕ್ಕ. ನಾವು ಕೈ ಹಾಕುವಂತಿಲ್ಲ. ಹಸಿರು ದೀಪ ಬಂದರೆ ಕೈಯಲ್ಲಿ ಹಿಡಿದು ಹೊಡಿ, ಹಳದಿ ಬಂದರೆ ಎಲ್ಲಾದರೂ ಊರಿಕೊ. ಅಷ್ಟೇ ಅದು ಹೇಳುವ ಮಾತು. ನಮ್ಮ ಪಾಲಿಗೆ ಉಳಿಯುವುದು ಫೋಕಸ್. ಮಧ್ಯದ ಸಣ್ಣ ವೃತ್ತದಲ್ಲಿ ಚಿತ್ರ ಎರಡು ತುಂಡಾಗಿ ಕಾಣುತ್ತದೆ, ಲೆನ್ಸ್ ತಿರುಗಿಸಿ ಎರಡನ್ನೂ ಕೂಡಿಸಬೇಕು. ಕೋಟೆಯ ಕಲ್ಲಿನ ಗೋಡೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಲ್ಲಿ ನೋಡಿದರೂ ಗೆರೆ. ಕಲ್ಲು ಕಲ್ಲಿಗೆ ಕೂತ ಸಂದು ನೇರವಾದರೆ ಫೋಕಸ್ ಆಯಿತು ಅಂತ ಅರ್ಥ.

ಇನ್ನೊಂದು ವಿಷಯ, ಒಂದು ಫೋಟೋ ಆದಮೇಲೆ ರೀಲು ಮುಂದಕ್ಕೆ ತಳ್ಳುವ ಸನ್ನೆಯನ್ನು ಎರಡು ಸಲ ಎಳೆಯಬೇಕು. ಒಂದೇ ಸಲ ಎಳೆದರೆ ಕ್ಯಾಮೆರಾ ಸುಮ್ಮನೆ ಇರುತ್ತದೆ. ಬನಶಂಕರಿ ಗುಡಿ ದಾಟಿದ ಮೇಲೆ ಒಂದು ತಾಯಿ ಕೋತಿ ಮರಿಯನ್ನು ಹೊಟ್ಟೆಗೆ ಅವಚಿಕೊಂಡು ಕಲ್ಲಿನ ಅಂಚಿನಲ್ಲಿ ಕೂತಿತ್ತು. ಹಿಂದೆ ಬರೀ ಆಕಾಶ. ಎರಡು ತುಂಡು ಕೂಡಿಸಿದೆ, ಉಸಿರು ಹಿಡಿದೆ, ಒತ್ತಿದೆ. ಏನೂ ಆಗಲಿಲ್ಲ. ಎರಡನೇ ಸಲ ಎಳೆಯುವುದು ಮರೆತಿದ್ದೆ. ಈಗ ಎಳೆದೆ. ಆ ಸದ್ದಿಗೆ ಕೋತಿ ಎದ್ದು ಬಂತು, ಫೋಟೋ ತೆಗೆಸಿಕೊಳ್ಳಲಿಕ್ಕಲ್ಲ, ಕ್ಯಾಮೆರಾ ತಿನ್ನುವ ಸಾಮಾನಾ ಅಂತ ನೋಡಲಿಕ್ಕೆ. ಅಂಗೈಯಲ್ಲಿ ಮುಚ್ಚಿಕೊಂಡು ಹಿಂದೆ ಸರಿದೆ. ಚಿಕ್ಕದಾಗಿದ್ದಕ್ಕೆ ಅಷ್ಟೊಂದು ಉಪಯೋಗ ಆಯಿತು.

ಒನಕೆ ಓಬವ್ವನ ಕಿಂಡಿಯಲ್ಲಿ ಹಳದಿ ದೀಪ ಬಂತು. ಒಬ್ಬರು ಬಗ್ಗಿ ನುಸುಳುವಷ್ಟೇ ಜಾಗ, ಬೆಳಕು ಆಚೆ ತುದಿಯಿಂದ ಮಾತ್ರ. ಕ್ಯಾಮೆರಾವನ್ನು ಕಲ್ಲಿಗೆ ಒತ್ತಿ ಹಿಡಿದು ಮೂರು ಹೊಡೆದೆ. ಹಿಂದೆ ಶಾಲೆ ಮಕ್ಕಳ ಸಾಲು. ಮೇಷ್ಟ್ರು ಓಬವ್ವನ ಕಥೆ ಹೇಳುತ್ತಿದ್ದಾರೆ, ಮಕ್ಕಳು ಹೈದರಾಲಿ ಸೈನಿಕರ ಥರ ಒಳಗೆ ನುಗ್ಗುತ್ತಿದ್ದಾರೆ, ನಾನು ಬಾಗಿಲಿಗೆ ಅಡ್ಡ ಕೂತಿದ್ದೇನೆ. "ಸಾರ್, ಬೇಗ" ಅಂದರು ಮೇಷ್ಟ್ರು. ನನ್ನ ಕೈಯಲ್ಲೇನಿದೆ ಅಂತ ಅವರಿಗೆ ಕಂಡಿರಲಿಲ್ಲ. ಏನು ಅಂದುಕೊಂಡರೋ.

ಮದ್ದು ಬೀಸುತ್ತಿದ್ದ ದೊಡ್ಡ ಬೀಸುಕಲ್ಲುಗಳ ಹತ್ತಿರ ಎರಡು ತೆಗೆದೆ. ಗೋಪಾಲಸ್ವಾಮಿ ಹೊಂಡದ ನೀರಿನಲ್ಲಿ ಬಂಡೆಯ ನೆರಳು, ಅದು ಎರಡು. ಏಕನಾಥೇಶ್ವರಿ ಗುಡಿ ಮುಂದೆ ಒಂದು, ಹಿಡಿಂಬೇಶ್ವರನ ಮೆಟ್ಟಿಲು ಒಂದು. ಉಯ್ಯಾಲೆ ಕಂಬವನ್ನು ಬಿಸಿಲಿಗೆ ಎದುರು ನಿಂತು ತೆಗೆದೆ. ಹಾಗೆ ಮಾಡಿದರೆ ಕಂಬ ಕಪ್ಪಾಗುತ್ತದೆ ಅಂತ ಗೊತ್ತು. ಸರಿಪಡಿಸಲು ಈ ಕ್ಯಾಮೆರಾದಲ್ಲಿ ಗುಂಡಿಯಿಲ್ಲ. ಕಪ್ಪೇ ಆಗಲಿ ಅಂತ ಬಿಟ್ಟೆ. ಉಳಿದವನ್ನು ಇಳಿಯುವ ದಾರಿಯಲ್ಲಿ ಖಾಲಿ ಮಾಡಿದೆ. ಯಾವುದು ಎಲ್ಲಿ ಅಂತ ನೆನಪಿಲ್ಲ.

ಊರಿಗೆ ಬಂದ ಮೇಲೆ ನಿಜವಾದ ಕೆಲಸ ಶುರುವಾಯಿತು.

ಅಶೋಕ ರಸ್ತೆ ಕಡೆ ಒಬ್ಬರು ಹಳೇ ಸ್ಟುಡಿಯೋದವರನ್ನು ವಿಚಾರಿಸಿದೆ. ಈಗ ಅವರದು ಪಾಸ್‌ಪೋರ್ಟ್ ಸೈಜು, ಆಧಾರ್ ಲ್ಯಾಮಿನೇಷನ್. ಡಬ್ಬಿ ನೋಡಿ ನಕ್ಕರು.

"ರೀಲು ತೊಳೆಯೋದು ಬಿಟ್ಟು ಹದಿನೈದು ವರ್ಷ ಆತು ಸಾರ್. ಇದನ್ನಂತೂ ಆಗಲೂ ಯಾರೂ ತರ್ತಿರ್ಲಿಲ್ಲ. ಬಂದ್ರೆ ಬೆಂಗಳೂರಿಗೆ ಕಳಿಸ್ತಿದ್ವಿ."

ಬೆಂಗಳೂರಿನ ಒಂದು ಕಡೆ ಫೋನ್ ಮಾಡಿದೆ. ತೊಳೆಯಬಹುದು, ಸ್ಕ್ಯಾನ್ ಮಾಡಲು ಈ ಅಳತೆಯ ಚೌಕಟ್ಟಿಲ್ಲ ಅಂದರು. ನಾನೇ ತೊಳೆಯೋಣ ಅಂದರೆ ನನ್ನ ಹತ್ತಿರ ಇರುವ ಫಿಲ್ಮ್ ತೊಳೆಯುವ ಟ್ಯಾಂಕಿನ ಸುರುಳಿ 35 ಎಂಎಂಗೆ ಮಾಡಿದ್ದು. 16 ಎಂಎಂ ಫಿಲ್ಮು ಅದರಲ್ಲಿ ನಿಲ್ಲುವುದಿಲ್ಲ, ಬಿದ್ದುಹೋಗುತ್ತದೆ. ಇದನ್ನು ಹೇಳಿದಾಗ ಸ್ಟುಡಿಯೋದವರು ಅಂದಿದ್ದು ಇನ್ನೂ ಕಿವಿಯಲ್ಲಿದೆ: "ಟ್ಯಾಂಕು ಯಾತಕ್ಕೆ ಸಾರ್? ನಮ್ಮಪ್ಪ ಕೈಯಾಗೇ ಉಯ್ಯಾಲೆ ಆಡಿಸ್ತಿದ್ದ."

ಎದ್ದು ನಿಂತು ತೋರಿಸಿದರು. ಫಿಲ್ಮಿನ ಎರಡೂ ತುದಿ ಎರಡು ಕೈಯಲ್ಲಿ. ನಡುಭಾಗ ಜೋತುಬಿದ್ದು ಬೋಗುಣಿಯ ನೀರಿನಲ್ಲಿ. ಒಂದು ಕೈ ಮೇಲೆ ಹೋದರೆ ಇನ್ನೊಂದು ಕೆಳಗೆ. ಫಿಲ್ಮು ಪೂರ್ತಿ ಉದ್ದಕ್ಕೂ ನೀರಿನಲ್ಲಿ ಹಾದುಹೋಗುತ್ತಿರಬೇಕು. ಇಪ್ಪತ್ತನಾಲ್ಕು ಫೋಟೋದ 110 ಫಿಲ್ಮು ಎರಡಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. 35 ಎಂಎಂನ ಮೂವತ್ತಾರರ ರೀಲಾಗಿದ್ದರೆ ಐದಡಿ, ತೋಳು ಸಾಲದು. ಇದಕ್ಕೆ ಸಾಕು. ಸಣ್ಣದಾಗಿದ್ದಕ್ಕೆ ಇನ್ನೊಂದು ಉಪಯೋಗ.

ಡೆವಲಪರ್, ಅಂದರೆ ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ನೀರು, ನಾನೇ ಕಲಸಿದೆ. ಡಿ-76 ಅನ್ನುವುದು ಹಳೇ ಲೆಕ್ಕ, 1920ರ ದಶಕದಿಂದ ಇದೆ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬಿಳಿಗಾರ 2 ಗ್ರಾಂ. ಕಾಲೇಜು ಲ್ಯಾಬುಗಳಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಎಲ್ಲ ಸಿಕ್ಕಿತು. ಸಲ್ಫೈಟ್ ಕೇಳಿದ್ದಕ್ಕೆ ಸಲ್ಫೇಟ್ ಕಟ್ಟಿಕೊಟ್ಟಿದ್ದರು. ಚೀಟಿ ಓದಿದ್ದಕ್ಕೆ ಬಚಾವಾದೆ, ವಾಪಸ್ ಕೊಟ್ಟು ಬದಲಾಯಿಸಿಕೊಂಡೆ. ಒಂದಕ್ಷರದ ವ್ಯತ್ಯಾಸ. ಆದರೆ ಸಲ್ಫೇಟಿನಲ್ಲಿ ಫಿಲ್ಮು ತೊಳೆಯಲು ಆಗುವುದಿಲ್ಲ. ಕಲಸುವಾಗಲೂ ಒಂದು ಕ್ರಮ ಇದೆ. ನೀರು ಕೈ ಸುಡುವಷ್ಟು ಬಿಸಿ ಇರಬೇಕು, ಸುಮಾರು 50 ಡಿಗ್ರಿ. ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್. ಸಲ್ಫೈಟೆಲ್ಲ ಮೊದಲೇ ಸುರಿದರೆ ಮೆಟಾಲ್ ಕರಗುವುದಿಲ್ಲ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಹಾಗಾಗಿ ಕೈಗೆ ರಬ್ಬರ್ ಗ್ಲೌಸ್. ಅಡುಗೆಮನೆಯ ಒಂದು ಚಮಚವನ್ನೂ ಮುಟ್ಟಬಾರದು ಅಂತ ಅವ್ವ ಮೊದಲೇ ಹೇಳಿದ್ದಳು. ಅದು ಸರಿಯೇ. ಪಾತ್ರೆ ಅಂಗಡಿಯಿಂದ ಮೂರು ಸ್ಟೀಲ್ ಬೋಗುಣಿ ತಂದೆ. ಅಂಚು ನುಣುಪಾಗಿದೆಯಾ ಅಂತ ಬೆರಳಾಡಿಸಿ ಆರಿಸಿದೆ. ಅಂಗಡಿಯವರು, "ಮುದ್ದೆ ಕಲಸೋಕಾ?" ಅಂತ ಕೇಳಿದರು. ಹೂಂ ಅಂದೆ.

ಡೆವಲಪರ್ 20 ಡಿಗ್ರಿ ಇರಬೇಕು. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ 20 ಡಿಗ್ರಿ ನೀರು ಎಲ್ಲಿಂದ ತರೋದು? ನಲ್ಲಿ ನೀರಿನಲ್ಲಿ ಥರ್ಮಾಮೀಟರ್ ಇಟ್ಟರೆ ಮೂವತ್ತರ ಹತ್ತಿರ. ಮಣ್ಣಿನ ಹೂಜಿ ನೀರು ಇಪ್ಪತ್ತನಾಲ್ಕಿಗೆ ಬಂತು. ಅಗಲದ ಬಕೆಟ್ಟಿಗೆ ಹೂಜಿ ನೀರು, ಫ್ರಿಜ್ಜಿನ ಐಸು ಹಾಕಿ ಅದರಲ್ಲಿ ಬೋಗುಣಿ ಕೂರಿಸಿದೆ. ಇಪ್ಪತ್ತಕ್ಕೆ ಇಳಿಯಿತು.

ನೇರವಾಗಿ ಆ ಡಬ್ಬಿಗೆ ಕೈ ಹಾಕಲು ಧೈರ್ಯ ಬರಲಿಲ್ಲ. ಮಾವನ ಚೀಲದಲ್ಲಿ ಹಳೇ ಕಲರ್ ಡಬ್ಬಿ ಒಂದಿತ್ತು, ಪೂರ್ತಿ ಹೊಡೆದದ್ದು, ತೊಳೆಸದೆ ಬಿಟ್ಟದ್ದು. ಕೈ ಪಳಗಲಿ ಅಂತ ಮೊದಲು ಅದನ್ನು ತೊಳೆದೆ. ನಲವತ್ತು ವರ್ಷದ ಹಿಂದಿನದು, ಏನಾದರೂ ಬಂದರೆ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಏನೂ ಬರಲಿಲ್ಲ. ತುದಿಯಿಂದ ತುದಿಗೆ ಒಂದೇ ಸಮ ಕಪ್ಪು. ಮಾವನಿಗೆ ಫೋನ್ ಮಾಡಿ ಅದರಲ್ಲಿ ಏನಿತ್ತು ಅಂತ ಕೇಳಿದೆ. "ಸಮುದ್ರ ಇರಬೇಕು ಬಿಡೋ" ಅಂದರು.

ರಾತ್ರಿ ಎಂಟೂವರೆಗೆ ಬಾತ್‌ರೂಮು ಸೇರಿದೆ. ಈ ಫಿಲ್ಮು ಕೆಂಪು ಬೆಳಕನ್ನೂ ನೋಡುತ್ತದೆ, ಹಾಗಾಗಿ ಸಿನಿಮಾದಲ್ಲಿ ತೋರಿಸುವ ಕೆಂಪು ಬಲ್ಬು ನಡೆಯುವುದಿಲ್ಲ. ಕಗ್ಗತ್ತಲೇ ಬೇಕು. ಕಿಟಕಿಗೆ ಚಳ್ಳಕೆರೆ ಕಂಬಳಿ. ಅಜ್ಜನ ಕಾಲದ್ದು, ಒಂದು ಗೆರೆ ಬೆಳಕು ಬಿಡಲಿಲ್ಲ. ಬಾಗಿಲ ಸಂದಿಗೆ ಟವೆಲ್. ಫೋನು ಒಳಗೆ ತರುವಂತಿಲ್ಲ, ಅದರ ಬೆಳಕೇ ಸಾಕು ಎಲ್ಲ ಹಾಳಾಗಲು. ಹೊತ್ತು ಹೇಳುವವರು ಬೇಕಲ್ಲ? ಅವ್ವ ಬಾಗಿಲಾಚೆ ಸ್ಟೂಲು ಹಾಕಿಕೊಂಡು ಗೋಡೆ ಗಡಿಯಾರ ನೋಡುತ್ತಾ ಕೂತಳು.

ಡಬ್ಬಿ ಒಡೆಯುವುದು ಸುಲಭ. ಎರಡು ಕೋಣೆ ಹಿಡಿದು ನಡುವಿನ ಸೇತುವೆಯನ್ನು ಬಾಗಿಸಿದರೆ ಕಟ್ ಅಂತ ಮುರಿಯುತ್ತದೆ. ಒಳಗೆ ಫಿಲ್ಮಿನ ಬೆನ್ನಿಗೆ ಕಪ್ಪು ಕಾಗದ ಇರುತ್ತದೆ. ಫೋಟೋ ನಂಬರ್ ಬರೆದಿರುವುದು ಅದರ ಮೇಲೆ. ಕ್ಯಾಮೆರಾ ಹಿಂದಿನ ಕಿಟಕಿಯಲ್ಲಿ ಕಾಣುತ್ತಿದ್ದುದೂ ಅದೇ. ಕಾಗದ ಯಾವುದು, ಫಿಲ್ಮ್ ಯಾವುದು ಅಂತ ಗ್ಲೌಸು ಹಾಕಿದ ಕೈಗೆ ಗೊತ್ತಾಗಲಿಲ್ಲ. ಒಂದು ಗ್ಲೌಸು ಬಿಚ್ಚಿದೆ. ಕಾಗದ ಕಿತ್ತೆ. ಎರಡೂ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದೆ. ಫಿಲ್ಮು ಸುರುಳಿ ಸುತ್ತಿಕೊಂಡು ಹಾವಿನ ಮರಿಯಂತೆ ಕೈಗೆ ಹತ್ತುತ್ತಿತ್ತು. ಮೊದಲು ಬರೀ ನೀರಿನಲ್ಲಿ ಆಡಿಸಿದೆ, ಮೆತ್ತಗಾಯಿತು. ಗ್ಲೌಸು ಮತ್ತೆ ಏರಿಸಿಕೊಂಡು ಎರಡನೇ ಬೋಗುಣಿಗೆ ಇಳಿಸಿದೆ.

"ಶುರು!" ಅಂತ ಕೂಗಿದೆ.

ಎಡ ಮೇಲೆ, ಬಲ ಕೆಳಗೆ. ಬಲ ಮೇಲೆ, ಎಡ ಕೆಳಗೆ. ಮೊದಲ ನಿಮಿಷ ಖುಷಿ. ಎರಡನೇ ನಿಮಿಷಕ್ಕೆ ಭುಜ ಹಿಡಿಯಿತು.

"ಒಂದಾತು!" ಅವ್ವ. "ಎರಡಾತು!" ಆಮೇಲೆ, "ಮೂರಾತು ನೋಡಪ್ಪಾ. ಏನಾದ್ರೂ ಕಾಣ್ತೈತೇನು?"

"ಕತ್ತಲಲ್ಲಿ ಏನು ಕಾಣ್ತದವ್ವಾ?"

"ಮತ್ತೆ ಯಾತಕ್ಕೆ ಆಡಿಸ್ತಿದೀಯ?"

ಎಂಟು ನಿಮಿಷ ಆಡಿಸಬೇಕು. ಐದು ಕೂಗಿದ ಮೇಲೆ ಕುಕ್ಕರ್ ಸೀಟಿ ಹೊಡೆಯಿತು. ಅವ್ವ ಎದ್ದು ಹೋಗಿದ್ದು ಗೊತ್ತಾಯಿತು. ಇನ್ನೊಂದು ಸೀಟಿ. ಪಾತ್ರೆ ಸದ್ದು. ನಾನು ಮನಸ್ಸಿನಲ್ಲೇ ಎಣಿಸಲು ಶುರು ಮಾಡಿದೆ, ನಡುವೆ ತಪ್ಪಿತು, ಮತ್ತೆ ಎಣಿಸಿದೆ. ಅವ್ವ ಬಂದು, "ಏಳೋ ಎಂಟೋ ಆಗೈತಿ" ಅಂದಳು. ಇನ್ನೊಂದರ್ಧ ನಿಮಿಷ ಆಡಿಸಿ ನೀರಿಗೆ ಹಾಕಿದೆ, ಅಲ್ಲಿಂದ ಹೈಪೊಗೆ, ಅಂದರೆ ಮೂಡಿದ ಚಿತ್ರವನ್ನು ಬೆಳಕಿಗೆ ಹಾಳಾಗದಂತೆ ನಿಲ್ಲಿಸುವ ನೀರಿಗೆ. ಹತ್ತು ನಿಮಿಷ ಹೈಪೊದಲ್ಲಿ ಬಿಟ್ಟು ದೀಪ ಹಾಕಿದೆ.

ಕಣ್ಣು ಕುಕ್ಕಿತು. ಬೋಗುಣಿಯಲ್ಲಿ ಬಳೆ ಅಂಗಡಿ ರಿಬ್ಬನ್ನಿನಂಥದ್ದೊಂದು ಬಿದ್ದಿತ್ತು. ಎತ್ತಿ ಬಲ್ಬಿಗೆ ಹಿಡಿದೆ. ಸಾಲಾಗಿ ಪುಟ್ಟ ಪುಟ್ಟ ಕಿಟಕಿಗಳು. ಒಂದರಲ್ಲಿ ಹೊಂಡ, ಒಂದರಲ್ಲಿ ಅವ್ವ. ಬಾಗಿಲು ತೆಗೆದು ಅವ್ವನಿಗೆ ತೋರಿಸಿದೆ. ಕನ್ನಡಕ ತಂದು ನೋಡಿದಳು. "ನನ್ನ ಮುಖ ಯಾಕೋ ಕರ್ರಗೆ ಐತಿ?" ನೆಗೆಟಿವ್ ಅಂದರೆ ಹಾಗೇ ಅಂತ ವಿವರಿಸಿದೆ. ಕೂದಲು ಬೆಳ್ಳಗಿದ್ದುದು ಕಪ್ಪಾಗಿದ್ದಕ್ಕೆ ಅವಳ ತಕರಾರಿರಲಿಲ್ಲ.

ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಬಾತ್‌ರೂಮಿನಲ್ಲೇ ನೇತುಹಾಕಿದೆ. ನಮ್ಮೂರಿನ ಧೂಳು ಗೊತ್ತಲ್ಲ? ಹೊರಗೆ ಹಾಕಿದರೆ ಬೆಳಗಾಗುವುದರಲ್ಲಿ ಉಸುಕಿನ ಕಾಗದವಾಗಿರುತ್ತಿತ್ತು. ಇಷ್ಟು ಸಣ್ಣ ನೆಗೆಟಿವಿನಲ್ಲಿ ಒಂದು ಧೂಳಿನ ಕಣ ಅಂದರೆ ಪ್ರಿಂಟಿನಲ್ಲಿ ಒಂದು ಜೋಳದ ಕಾಳು.

ಸ್ಕ್ಯಾನಿನದು ನಾನು ಹೆದರಿದ್ದಷ್ಟು ಕಷ್ಟ ಆಗಲಿಲ್ಲ. ಗೆಳೆಯನೊಬ್ಬನ ಹತ್ತಿರ ಮೈಕ್ರೋ ಫೋರ್ ಥರ್ಡ್ಸ್ ಅನ್ನುವ ಬಗೆಯ ಡಿಜಿಟಲ್ ಕ್ಯಾಮೆರಾ ಇದೆ. ಫಿಲ್ಮಿನ ಬದಲು ಚಿತ್ರ ಹಿಡಿಯುವ ಅದರ ಸೆನ್ಸರ್ 17.3ಕ್ಕೆ 13 ಎಂಎಂ. ಅಂದರೆ 110 ನೆಗೆಟಿವಿನಷ್ಟೇ! ಲೆನ್ಸನ್ನು ಇದ್ದಷ್ಟೇ ಗಾತ್ರ ಬರುವಂತೆ ಇಟ್ಟರೆ ನೆಗೆಟಿವ್ ಅಂಚಿಗೆ ಅಂಚು ಕೂರುತ್ತದೆ. ಯಾರಿಗೂ ಬೇಡವಾದ ಅಳತೆ ಮೂವತ್ತೊಂದು ವರ್ಷ ಆದಮೇಲೆ 2003ರಲ್ಲಿ ಡಿಜಿಟಲ್ ವೇಷ ಹಾಕಿಕೊಂಡು ಬಂದಿದೆ. ಚೌಕಟ್ಟಿಗೆ ದಪ್ಪ ಲಗ್ನಪತ್ರಿಕೆ ಕತ್ತರಿಸಿದೆವು. ಕೆಳಗೆ ಫೋನಿನ ಬಿಳಿ ಸ್ಕ್ರೀನು, ಮೇಲೆ ಹಾಲುಬಣ್ಣದ ಪ್ಲಾಸ್ಟಿಕ್ಕು. ಇಪ್ಪತ್ತನಾಲ್ಕನ್ನೂ ಒಂದು ಗಂಟೆಯಲ್ಲಿ ಹೊಡೆದು ಮುಗಿಸಿದೆವು.

ಫಲಿತಾಂಶ ಹೇಳಿಬಿಡುತ್ತೇನೆ. ಮೊದಲ ಎರಡಕ್ಕೆ ಎಲ್ಲಿಂದಲೋ ಬೆಳಕು ತಾಗಿ ಹಾಳಾಗಿದ್ದವು, ಬಹುಶಃ ಅವ್ವ ಎದ್ದು ಹೋದಾಗ ಟವೆಲ್ ಸರಿದಿತ್ತು. ಓಬವ್ವನ ಕಿಂಡಿಯ ಮೂರೂ ಅಲ್ಲಾಡಿದ್ದವು, ಕಲ್ಲಿಗೆ ಒತ್ತಿ ಹಿಡಿದರೂ. ಎರಡರ ಮೇಲೆ ಬೋಗುಣಿಗೆ ತಾಗಿದ ಗೀರು. ಹದಿನೇಳು ನೆಟ್ಟಗಿದ್ದವು. ಚೆನ್ನಾಗಿದ್ದವು ಅಂತ ಹೇಳುತ್ತಿಲ್ಲ, ನೆಟ್ಟಗಿದ್ದವು. ಮಂಡಕ್ಕಿ ಭಟ್ಟಿಯ ಒಂದು ಮಾತ್ರ ನನಗೆ ಬಹಳ ಹಿಡಿಸಿತು. ಹೊಗೆಯೂ ಫಿಲ್ಮಿನ ಕಾಳೂ ಬೆರೆತು ಯಾವುದು ಯಾವುದೋ ಗೊತ್ತಾಗುವುದಿಲ್ಲ. ಅದರಲ್ಲಿರುವ ಮನುಷ್ಯ ತನ್ನ ಕೆಲಸ ನೋಡುತ್ತಿದ್ದಾನೆ, ನನ್ನನ್ನಲ್ಲ. ದೋಸೆ ಫೋಟೋದಲ್ಲಿ ಫೋಕಸ್ ಚಟ್ನಿ ಬಟ್ಟಲ ಮೇಲಿದೆ.

ಎ4 ಅಳತೆಗೆ ಒಂದು ಪ್ರಿಂಟ್ ಹಾಕಿಸಿದೆ, ಆಸೆ ತಡೆಯಲಿಲ್ಲ. ಹೊಂಡದ ನೀರು ರವೆ ಸುರಿದಂತೆ ಬಂತು. ಅದೇ ಚಿತ್ರ ನಾಲ್ಕಿಂಚು ಆರಿಂಚಿನಲ್ಲಿ ನೋಡಿದರೆ ಬಂಡೆಯ ಬಿರುಕು ಬಿರುಕೂ ಕಾಣುತ್ತದೆ. ಆಲ್ಬಮ್ಮಿಗೆ ಅಂಟಿಸಲು ಹುಟ್ಟಿದ್ದನ್ನು ಗೋಡೆಗೆ ಹಾಕಲು ಹೋಗಿದ್ದು ನನ್ನದೇ ತಪ್ಪು. ಎಂಟು ಸಣ್ಣ ಪ್ರಿಂಟ್ ಹಾಕಿಸಿಕೊಂಡು ದುರ್ಗಕ್ಕೆ ಹೋದೆ.

ಮಾವ ಒಂದೊಂದನ್ನೇ ನೋಡಿದರು. ಮೊದಲು ಕನ್ನಡಕ ಹಾಕಿ, ಆಮೇಲೆ ತೆಗೆದು ಕಣ್ಣಿಗೆ ಹತ್ತಿರ ಹಿಡಿದು. ಕಪ್ಪಗೆ ನಿಂತ ಉಯ್ಯಾಲೆ ಕಂಬದ ಚಿತ್ರವನ್ನು ಪಕ್ಕಕ್ಕಿಟ್ಟುಕೊಂಡರು, ವಾಪಸ್ ಕೊಡಲಿಲ್ಲ.

"ಇಷ್ಟಕ್ಕೆ ಬಾತ್‌ರೂಮಿನಾಗೆ ಕೂತಿದ್ಯಂತೆ? ನಿಮ್ಮವ್ವ ಫೋನ್ ಮಾಡಿ ಬೈತಿದ್ಲು."

"ಹೂಂ ಮಾವ."

"ಎಲ್ಲಾ ದೂರ ದೂರ ಬಂದಾವೆ ಕಣೋ. ಉದ್ದದ್ದು ಹಾಕಬೇಕಿತ್ತು."

"ಯಾವ ಉದ್ದದ್ದು?"

"ಇನ್ನೊಂದು ಲೆನ್ಸು ಇತ್ತಲ್ಲೋ. ಐವತ್ತರದ್ದು. ಇವಳೇ, ಆ ಲೆನ್ಸು ಎಲ್ಲೈತೆ?"

ಒಳಗಿಂದ ಅತ್ತೆ ಕೂಗಿದರು. "ಯಾವ್ದು, ಆ ಕರೇ ಗುಂಡಂದಾ? ಗುಂಡಿ ಡಬ್ಬದಾಗೆ ನೋಡ್ರಿ."

ಹೊಲಿಗೆ ಮಷೀನಿನ ಕೆಳಗೆ ಬಿಸ್ಕತ್ತಿನ ತಗಡು ಡಬ್ಬ. ಕವುಚಿ ಹಾಕಿದೆ. ಅಂಗಿ ಗುಂಡಿ, ಹುಕ್ಕು, ದಾರದುಂಡೆ, ಒಂದು ಇಪ್ಪತ್ತು ಪೈಸೆ, ಅದರ ನಡುವೆ ಹೆಬ್ಬೆರಳು ಗಾತ್ರದ 50 ಎಂಎಂ ಲೆನ್ಸು. ಮುಚ್ಚಳ ಇಲ್ಲ. ಗಾಜಿನ ಮೇಲೆ ಅರಿಶಿನದ ಬೆರಳಚ್ಚು. ಅಂಗಿ ತುದಿಯಿಂದ ಒರೆಸಲು ಹೋದವನು ತಡೆದುಕೊಂಡೆ. ಕ್ಯಾಮೆರಾಕ್ಕೆ ಸಿಕ್ಕಿಸಿ ತಿರುಗಿಸಿದೆ. ಕಟ್ ಅಂತ ಕೂತಿತು. ಕಿಟಕಿಯಾಚೆ ಕೋಟೆ ಗೋಡೆ ಕಡೆ ಹಿಡಿದು ಎರಡು ತುಂಡನ್ನು ಕೂಡಿಸಿ ನೋಡಿದೆ. ಒಳಗೆ ರೀಲಿರಲಿಲ್ಲ.